ಮಾಸ್ತರು ಅಂಟಿಸಿದ ಗೆರೆ

ನಮ್ಮ ಮಾಸ್ತರ ತೋರುಬೆರಳ ತುದಿಯಲ್ಲಿ ಹುಣಸೆಬೀಜದ ಅಂಟು ಸದಾ ಒಣಗಿ ಹಕ್ಕಳೆಗಟ್ಟಿರುತ್ತಿತ್ತು. ನಾನು ಅವರ ಮುಖ ಕಂಡವನಲ್ಲ. ಆ ಒರಟು ಬೆರಳಿನಿಂದಲೇ ಗುರುತು ಹಿಡಿಯುತ್ತಿದ್ದೆ. ಕುರುಗೋಡಿನಲ್ಲಿ ಸಿಡುಬು ಬಂದು ನನ್ನ ಕಣ್ಣು ಹೋದಾಗ ಮನೆಯವರೇ "ಇನ್ನ ಮೂಲ್ಯಾಗ ಕುಂದರ್ಲಿ ಬಿಡ್ರಿ" ಎಂದಿದ್ದರು. ಬಳ್ಳಾರಿಯ ತಮ್ಮ ಶಾಲೆಗೆ ಕೈಹಿಡಿದು ಕರೆದೊಯ್ದವರು ಇವರು.

ಸಿರುಗುಪ್ಪದ ಹೊಳೆ ಏರಿಳಿದದ್ದನ್ನು ಬಳ್ಳಾರಿಯ ನೀರಾವರಿ ಕಚೇರಿಯವರು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತಿದ್ದರು. ಮಾಸ್ತರು ಅದನ್ನು ನೋಡಿ ಬಂದು, ಹಲಗೆಯ ಮೇಲೆ ಜೋಳದ ಕಾಳು ಸಾಲಾಗಿ ಅಂಟಿಸಿ, ನನ್ನ ಬೆರಳು ಇಡಿಸುತ್ತಿದ್ದರು. "ಎಡದಿಂದ ಬಲಕ್ಕ ದಿನ ಹೋಗತಾವ, ಕೆಳಗಿಂದ ಮ್ಯಾಲಕ್ಕ ನೀರು. ನಿಮ್ಮೂರ ಗುಡ್ಡ ಹತ್ತಿ ಇಳಿದಂಗ. ಮೊದ್ಲು ಬೆರಳು ಹೇಳ್ಲಿ, ಆಮ್ಯಾಲ ನಾ ಹೇಳ್ತೀನಿ."

ಒಂದು ಬೆಳಿಗ್ಗೆ ನಾನು ಗಾಬರಿಬಿದ್ದೆ. "ಮಾಸ್ತರ, ಶ್ರಾವಣದಾಗ ಹೊಳಿ ಬತ್ತೈತ್ರಿ!" ಅವರು ಬಗ್ಗಿ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ರಾತ್ರಿ ಇಲಿ ಮೇಲಿನ ಕಾಳುಗಳನ್ನು ತಿಂದಿತ್ತು. ಅಂದಿನಿಂದ ಕಾಳು ಹೋಗಿ ದಾರ ಬಂತು. ನಗು ನಿಂತ ಮೇಲೆ ಮೆಲ್ಲಗೆ ಅಂದರು: "ಇಲಿ ತಿಂದಿದ್ದು ಹೋಗ್ಲಿ. ಮನುಷ್ಯಾರೇ ಗೆರಿ ತಪ್ಪಿಸಿದ್ರ ನೀ ಯಾರನ್ನ ಕೇಳ್ತೀಯಪ?"

ಆ ಚಳಿಗಾಲ ಮಾಸ್ತರೇ ಹಾಸಿಗೆ ಹಿಡಿದರು. ಡಾಕ್ಟರು ದಿನವೂ ಜ್ವರದ ಗೆರೆ ಬರೆದು ಕಾಗದವನ್ನು ತಲೆದೆಸೆಯಲ್ಲಿ ಇಟ್ಟುಹೋಗುತ್ತಿದ್ದರು. ನಾನು ಕೇಳಿದರೆ ಎಲ್ಲರದೂ ಒಂದೇ ರಾಗ, "ಆರಾಮ ಆಗ್ತಾರ ತಗೋ." ಕುರುಡನಿಗೆ ಏನು ಹೇಳಿದರೂ ನಡೆಯುತ್ತದೆಯೇ? ನನಗೆ ರೇಗಿತು. ದಾರದಲ್ಲಿ ತೋರಿಸಿರಿ ಎಂದು ಹಟ ಹಿಡಿದೆ. ಮಾಸ್ತರ ಹೆಂಡತಿ ಅಂಟಿಸಿ ಕೊಟ್ಟರು. ಮಂಚದ ಪಕ್ಕ ಕುಳಿತು ಓದಿದೆ.

"ಜ್ವರ ಇಳಿಯಾಕ ಹತ್ತೈತ್ರಿ ಮಾಸ್ತರ!"

ನನ್ನ ಸಂತೋಷ ಕೇಳಲಾರದೆ ಆ ತಾಯಿ ಬಿಕ್ಕಿದರು.

ಮಾಸ್ತರು ಹೆಂಡತಿಯನ್ನು ಬೈಯಲಿಲ್ಲ. "ಅವಗ ಹಂಗ ಮಾಡಬಾರ್ದು" ಎಂದಷ್ಟೇ ಅಂದು, ಇನ್ನೂ ಹಸಿಯಾಗಿದ್ದ ದಾರ ಕಿತ್ತು, ತಾವೇ ಮತ್ತೆ ಕೂಡಿಸಿದರು. ಕೆಂಡದಂತೆ ಸುಡುತ್ತಿದ್ದ ಆ ಬೆರಳು ನನ್ನ ಬೆರಳನ್ನು ನಡೆಸಿತು. ಗೆರೆ ಏರಿತು, ಏರುತ್ತಲೇ ಹೋಗಿ ಹಲಗೆಯ ಮೇಲಂಚಿಗೆ ಮುಟ್ಟಿತು.

"ಈಗ ಹೇಳು."

"ಏರೈತ್ರಿ."

"ಹೂಂ. ಈಗ ಖರೆ ಓದಿದಿ."

ವಾರದೊಳಗೆ ಅವರು ಹೋದರು. ಅಂಗಳ ತುಂಬ ಜನ "ಹಿಂಗಾಗತೈತಿ ಅಂತ ಯಾರಿಗಿ ಗೊತ್ತಿತ್ತು" ಎಂದು ಗೋಳಾಡುತ್ತಿದ್ದರು. ನಾನೊಬ್ಬ ಆ ಹಲಗೆಯ ದಾರದ ಮೇಲೆ ಬೆರಳಾಡಿಸುತ್ತ ಕುಳಿತಿದ್ದೆ. ನನಗೆ ಅವರು ಹೇಳಿಯೇ ಹೋಗಿದ್ದರು.