ಅವ್ವನ ನಂತರದ ಬಸ್ಸುಗಳು

ಅವ್ವ ತೀರಿಕೊಂಡ ಬರಗಾಲದ ವರ್ಷ ಬೀದರಿನ ಚಿದ್ರಿಯ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತಿತ್ತು. ಬೆಳಗಾದರೆ ಕೆಲಸವಿಲ್ಲದಿದ್ದರೂ ಭಾಲ್ಕಿಗೋ ಔರಾದಿಗೋ ಬಸ್ಸು ಹತ್ತಿಬಿಡುತ್ತಿದ್ದೆ. ಬಸ್ಸು ಓಡುವಷ್ಟು ಹೊತ್ತು ಹೇಗೋ ತಡೆದುಕೊಳ್ಳುತ್ತಿದ್ದೆ; ನಿಂತರೆ ಮತ್ತೆ ಅದೇ ಸಂಕಟ.

ಒಮ್ಮೆ ಔರಾದಿನಿಂದ ಮರಳುವಾಗ ಎಕಂಬಾದ ಹೆಂಗಸೊಬ್ಬಳು ಗಂಟು ಹಿಡಿದು ಪಕ್ಕದಲ್ಲಿ ಕೂತಳು. ದುಡಿಯಲು ಪುಣೆಗೆ ಹೊರಟಿದ್ದಳು.

“ನೀವೆಲ್ಲಿಗಿ ಹೊಂಟೀರಿ?” ಎಂದು ಕೇಳಿದಳು.

“ಎಲ್ಲಿಗೂ ಇಲ್ರಿ. ಅವ್ವ ಹೋದ್ಳು, ಮನ್ಯಾಗ ಇರ್ಲಾಕ ಆಗವಲ್ದು.”

ಅವಳು ಗಂಟು ಬಿಚ್ಚಿ ಅರ್ಧ ರೊಟ್ಟಿ ಮುರಿದು ಕೊಟ್ಟಳು. “ತಿನ್ರಿ. ನಮ್ಮವ್ವ ಬಡದು ಕಟ್ಯಾಳ. ಅಕಿ ಕೈದು ಮತ್ತ ಯಾವಾಗ ತಿಂತೇನೊ.”

ಎರಡು ದಿನದಿಂದ ನನ್ನ ಗಂಟಲಲ್ಲಿ ಏನೂ ಇಳಿದಿರಲಿಲ್ಲ. ಅಳುತ್ತಲೇ ಪೂರ್ತಿ ತಿಂದೆ. ಬೀದರಿನಲ್ಲಿ ಇಳಿದು ಅವಳು ರೈಲಿಗೆ ನಡೆದಳು. ಮನೆಗೆ ಹೋಗಲು ಇನ್ನೂ ಧೈರ್ಯವಾಗದೆ, ನಾನು ಭಾಲ್ಕಿಯ ಬಸ್ಸು ಹತ್ತಿದೆ.