ಹರಿಣಾಕ್ಷಿ ಸಿಸ್ಟರ್ ಕೇಳುತ್ತಿದ್ದ ಪ್ರಶ್ನೆ

ಬ್ರಹ್ಮಾವರದ ನಮ್ಮ ಆಸ್ಪತ್ರೆಯ ಸಕ್ಕರೆ ಕಾಯಿಲೆ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದ ನರ್ಸ್ ಹರಿಣಾಕ್ಷಿಯವರು ಶನಿವಾರ ನಿವೃತ್ತರಾಗುವವರಿದ್ದರು. ಸಕ್ಕರೆ ಏರಿಳಿಯಲು ವೈದ್ಯರಿಗೂ ಹೊಳೆಯದ ಕಾರಣವನ್ನು ಅವರು ರೋಗಿಯೊಡನೆ ಎರಡು ಮಾತಾಡಿ ಹೇಳಿಬಿಡುತ್ತಿದ್ದರು. ಅವರು ಹೋಗುವ ಮೊದಲು ಆ ತಿಳಿವಳಿಕೆಯನ್ನು ಕಂಪ್ಯೂಟರಿಗೆ ಸೇರಿಸುವ ಕೆಲಸ ದಾಖಲೆ ವಿಭಾಗದ ನನ್ನ ಪಾಲಿಗೆ ಬಂತು. ತಪ್ಪಿದರೆ ಅದು ಅವರೊಡನೆಯೇ ಹೊರಟುಹೋಗುತ್ತಿತ್ತು.

ಸೋಮವಾರ, ಮಂಗಳವಾರ ಅವರನ್ನು ಕೂರಿಸಿಕೊಂಡು ಕೇಳಿದೆ. "ಕಂಡ್ರೆ ಗೊತ್ತಾತ್ತ್ ಮರ್ರೆ. ಅದನ್ನ ಹ್ಯಾಂಗ್ ಬರ್ಸುದು?" ಎಂದರು. ಹದಿನೆಂಟು ಸಾಲು ಬರೆದೆ. ಯಾವ ಪಠ್ಯಪುಸ್ತಕದಲ್ಲೂ ಸಿಗುವ ಸಾಲುಗಳು.

ಬುಧವಾರ ಹತ್ತೂವರೆಗೆ ಕಿರಿಮಂಜೇಶ್ವರದ ಮೀನು ವ್ಯಾಪಾರಿ ತಿಮ್ಮನವರನ್ನು ಬೆವರು ಸುರಿಯುತ್ತಿದ್ದ ಸ್ಥಿತಿಯಲ್ಲಿ ಕರೆತಂದರು. ಸಕ್ಕರೆ ನಲವತ್ತೆಂಟಕ್ಕೆ ಇಳಿದಿತ್ತು. ಗ್ಲೂಕೋಸ್ ಕೊಟ್ಟ ಮೇಲೆ ಕಿರಿಯ ನರ್ಸ್ ಧನ್ಯಶ್ರೀ ಕಂಪ್ಯೂಟರ್ ಪರದೆ ನೋಡಿ ಕೇಳಿದಳು: "ಬೇರೆ ಮದ್ದ್ ಎಂತಾರೂ ತಕಂತ್ರಿಯಾ?"

"ಎಂತದೂ ಇಲ್ಲೆ."

ಅವಳು 'ಇಲ್ಲ' ಎಂದು ಗುರುತು ಹಾಕಿದಳು. ಗಂಟೆಯೊಳಗೆ ಸಕ್ಕರೆ ಮತ್ತೆ ಇಳಿಯಿತು. ಹರಿಣಾಕ್ಷಿಯವರು ಮಂಚದ ಬಳಿ ಬಂದರು.

"ಹ್ವಾಯ್ ತಿಮ್ಮಣ್ಣ, ಬೆಳಿಗ್ಗೆ ಖಾಲಿ ಹೊಟ್ಟಿಗೆ ಎಂತ ಕುಡಿತ್ರಿ?"

"ಕಷಾಯ. ಕಿರಾತಕಡ್ಡಿದ್. ಮನಿಯವ್ಳ್ ಎರಡ್ ಲೋಟ ಕಾಸಿ ಕೊಡುದು."

"ಮತ್ತೆ ಈ ಹೆಣ್ಣಿನ ಹತ್ರ ಇಲ್ಲೆ ಅಂದ್ರಿ!"

"ಅದ್ ಮದ್ದಾ ಸಿಸ್ಟರೆ? ಅದ್ ಮನೆದ್ ಅಲ್ದಾ!"

ಸುತ್ತಲಿದ್ದವರು ನಕ್ಕರು. ನಾನು ಹರಿಣಾಕ್ಷಿಯವರ ಖಾಲಿ ಹೊಟ್ಟೆಯ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಬರೆದುಕೊಂಡೆ. ದಿನವೂ ನುಂಗುವ ಸಕ್ಕರೆಯ ಮಾತ್ರೆಯೂ ಆ ಕಹಿ ಕಡ್ಡಿಯ ಕಷಾಯವೂ ಸೇರಿ ಸಕ್ಕರೆ ಇಳಿಸಿದ್ದವು. ವೈದ್ಯರು ಕಷಾಯ ನಿಲ್ಲಿಸಿ ರಾತ್ರಿಯಿಡೀ ನಿಗಾದಲ್ಲಿಟ್ಟರು.

ಆಮೇಲೆ ನಾನು ಅವರನ್ನು ಕೂರಿಸಿ ಕೇಳಲಿಲ್ಲ. ಎರಡು ದಿನ ವಾರ್ಡಿನಲ್ಲಿ ಹಿಂದೆ ಹಿಂದೆ ನಡೆದೆ. "ನಾನ್ ಹೀಂಗೆಲ್ಲ ಕೇಂತ್ನಾ?" ಎಂದು ಅವರೇ ಬೆರಗಾದರು. ಇಪ್ಪತ್ತಮೂರು ಪ್ರಶ್ನೆಗಳು ಸಿಕ್ಕವು. ಹಳೆಯ ಹದಿನೆಂಟು ಸಾಲುಗಳನ್ನು ಅಳಿಸಿ ಈ ಪ್ರಶ್ನೆಗಳನ್ನು ಕಂಪ್ಯೂಟರಿಗೆ ಸೇರಿಸಿದೆ.

ಶನಿವಾರ ಮಧ್ಯಾಹ್ನ ಕೊಲ್ಲೂರಿನಿಂದ ಪ್ರಭಾವತಿ ಎಂಬವರು ತಲೆಸುತ್ತೆಂದು ಬಂದರು. ಧನ್ಯಶ್ರೀ ಪರದೆ ನೋಡಿ, ಖಾಲಿ ಹೊಟ್ಟೆಗೆ ಏನು ಕುಡಿಯುತ್ತೀರೆಂದು ಕೇಳಿದಳು. ಹಾಗಲಕಾಯಿ ರಸ ಎಂದು ಉತ್ತರ ಬಂತು. ಅವಳು ತಾನಾಗಿಯೇ ಮುಂದುವರಿದಳು: "ಎಷ್ಟ್ ದಿನ ಆಯ್ತ್ ಅಕ್ಕ? ಮಾತ್ರೆ ನುಂಗುಕೆ ಮುಂಚಿಯಾ, ಮತ್ತೆಯಾ?" ಆ ಎರಡು ಪ್ರಶ್ನೆಗಳು ನನ್ನ ಪಟ್ಟಿಯಲ್ಲಿರಲಿಲ್ಲ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹರಿಣಾಕ್ಷಿಯವರು ಒಳಗೆ ಬರಲಿಲ್ಲ. ಚೀಲ ಹೆಗಲಿಗೇರಿಸಿ, "ಬತ್ತೆ, ಹಂಗಾರೆ" ಎಂದರು. ಕೋಟದ ನಾಲ್ಕು ಗಂಟೆಯ ಬಸ್ಸಿಗೆ ಅವರು ಆತುರಪಡದೆ ನಡೆದರು.