ಮೂರು ಸುತ್ತು ಕಡಿಮೆ

ದಬ್ಬಣ ತೀರಿಹೋಗಿ ಎರಡು ತಿಂಗಳಾಯಿತು. ಬಂದರಿನ ಗೋದಾಮಿನ ಅಟ್ಟದಲ್ಲಿ ಮೂವತ್ತೆರಡು ವರ್ಷ ಮೊಣಕಾಲೂರಿ ಹಾಯಿ ಹೊಲಿದವನು. ಅವನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಕೈಯಲ್ಲಿದ್ದ ದಬ್ಬಣವೇ ಹೆಸರಾಗಿಬಿಟ್ಟಿತ್ತು. ಕೊನೆಗೆ ಹೃದಯ ಕೈಕೊಟ್ಟಿತು. ಹಿಂದಿನ ವರ್ಷವೇ ಅದೊಮ್ಮೆ ಎಚ್ಚರಿಸಿತ್ತು. ಮನೆಯಲ್ಲಿ ಜಗಳ ಹತ್ತಿಕೊಂಡದ್ದು ಆಗಲೇ.

ಜಗಳ ಅವನ ಸ್ವಂತ ದೋಣಿಯ ಮುಂದಿನ ಹಾಯಿಯದು. ಗಾಳಿ ಜೋರಾದರೆ ಆ ಹಾಯಿಯನ್ನು ಚಿಕ್ಕದು ಮಾಡಬೇಕು. ಅದಕ್ಕೆ ಎರಡು ದಾರಿ. ದೋಣಿಯ ಮೂತಿಗೆ ಹೋಗಿ, ಹಾಯಿಯ ಕೆಳಭಾಗವನ್ನು ಮಡಿಚಿ ಕಟ್ಟಬಹುದು. ಇಲ್ಲವೇ ಮೂತಿಯಲ್ಲೊಂದು ಹಗ್ಗ ಸುತ್ತಿದ ಡ್ರಮ್ಮು ಕೂರಿಸಿ, ಹಿಂದೆ ಕೂತಲ್ಲಿಂದಲೇ ಆ ಹಗ್ಗ ಎಳೆದು ಡ್ರಮ್ಮು ತಿರುಗಿಸಿ, ಇಡೀ ಹಾಯಿಯನ್ನು ಚಾಪೆಯಂತೆ ಸುತ್ತಿಬಿಡಬಹುದು. ಊರಿನವರಿಗೆಲ್ಲ ಡ್ರಮ್ಮು ಕೂರಿಸಿಕೊಟ್ಟ ದಬ್ಬಣ, ತನಗೆ ಮಾತ್ರ ಬೇಡವೆಂದ.

"ಅರ್ಧ ಸುತ್ತಿದ ಹಾಯಿ ಅಂದ್ರೆ ಹೊಟ್ಟೆ ಬಿಟ್ಕೊಂಡ ಗೋಣಿಚೀಲ ಕಣೇ. ಮಡಿಚಿ ಕಟ್ಟಿದ್ದು ನೋಡು, ಇಸ್ತ್ರಿ ಹಾಕಿದ ಹಾಗಿರುತ್ತೆ."

"ಇಸ್ತ್ರಿ ಹಾಕೋಕೆ ಹೋಗೋದೆಲ್ಲಿಗೆ? ಅಲೆ ಬಂದು ಮುಖಕ್ಕೆ ಹೊಡೆಯೋ ಜಾಗಕ್ಕೆ. ಡಾಕ್ಟ್ರು ಅಂದದ್ದು ಮರೆತ್ರಾ?" ಹೆಂಡತಿ ಬಂದರಿನ ಆಸ್ಪತ್ರೆಯಲ್ಲಿ ನರ್ಸು. ದೋಣಿಯಲ್ಲಿ ಅವನ ಜೊತೆಗಾತಿಯೂ ಅವಳೇ.

"ಡಾಕ್ಟ್ರಿಗೇನು ಗೊತ್ತು ದೋಣಿ ವಿಷಯ?"

"ನಿಮ್ಮ ಎದೆ ವಿಷಯ ಗೊತ್ತು. ಇನ್ನೊಂದು ಸಲ ಮೂತಿಗೆ ಕಾಲಿಟ್ರೆ ಮಾರನೇ ದಿನವೇ ದೋಣಿ ಮಾರ್ತೀನಿ. ಅದು ನನ್ನ ಹೆಸರಲ್ಲಿದೆ ರೀ, ನೆನಪಿರಲಿ."

ಅವಳು ಬರಿ ಬಾಯಿಮಾತಿನವಳಲ್ಲ. ಎಲೆಯೂ ಅಲುಗದ ಒಂದು ಬೆಳಿಗ್ಗೆ ದಬ್ಬಣ ಮುಖ ಗಂಟಿಕ್ಕಿಕೊಂಡು, ಯಾರ ಸಹಾಯವನ್ನೂ ಕೇಳದೆ ಡ್ರಮ್ಮು ಕೂರಿಸಿದ. ಎರಡು ಸಲ ಎಳೆದು ನೋಡಿದ. ಹಾಯಿ ಬೆಣ್ಣೆಯಂತೆ ಸುತ್ತಿಕೊಂಡಿತು.

ಆ ಭಾನುವಾರ ಮಧ್ಯಾಹ್ನ ಹಿಂದಿರುಗುವಾಗ ಗಾಳಿ ಎದ್ದಿತು. ದೊಡ್ಡ ಹಾಯಿಯನ್ನು ಇಳಿಸಿ, ಪುಟ್ಟ ಮೋಟಾರು ಹಚ್ಚಿ, ಅವಳು ಡ್ರಮ್ಮಿನ ಹಗ್ಗ ಎಳೆಯತೊಡಗಿದಳು. ಹಾಯಿ ಸುತ್ತಿತು, ಸುತ್ತಿತು, ಮಾರುದ್ದದ ಬಟ್ಟೆ ಹೊರಗೆ ಉಳಿದಾಗ ನಿಂತಿತು.

"ಬರ್ತಿಲ್ಲ ರೀ!"

ಉಳಿದ ತುಂಡು ಪಟಪಟ ಬಡಿಯುತ್ತ ದೋಣಿಯ ಮೂತಿಯನ್ನು ಒಂದೇ ಕಡೆಗೆ ತಳ್ಳುತ್ತಿತ್ತು. ಆ ಕಡೆ ತಡೆಗೋಡೆಯ ಬಂಡೆಗಳು. ಎರಡು ಗೋಡೆಗಳ ನಡುವಿನ ಬಂದರಿನ ಬಾಯಿ ಕಿರಿದು, ಮೋಟಾರಿಗೆ ಅಷ್ಟು ತ್ರಾಣವಿಲ್ಲ. ಈ ತುಂಡು ಬಡಿಯುತ್ತಿರುವಷ್ಟು ಹೊತ್ತು ಒಳಗೆ ಹೋಗುವ ಮಾತೇ ಇಲ್ಲ.

ದಬ್ಬಣ ಡ್ರಮ್ಮಿನತ್ತ ನೋಡಿದ. ಅದರ ಮೇಲೆ ಹಗ್ಗವೇ ಉಳಿದಿರಲಿಲ್ಲ. ಗಾಳಿಯಿಲ್ಲದಾಗ ಹಾಯಿ ಸಡಿಲವಾಗಿ, ದಪ್ಪವಾಗಿ ಸುತ್ತಿಕೊಳ್ಳುತ್ತದೆ. ಕೆಲವೇ ಸುತ್ತು ಸಾಕು. ಬಿರುಗಾಳಿಯಲ್ಲಿ ಬಿಗಿಯಾಗಿ, ಸಣ್ಣಗೆ ಸುತ್ತಿಕೊಳ್ಳುತ್ತದೆ. ಹೆಚ್ಚು ಸುತ್ತು ಬೇಕು. ಹಾಗಾಗಿ ಡ್ರಮ್ಮಿಗೆ ಮೂರು ಸುತ್ತು ಹಗ್ಗ ಹೆಚ್ಚೇ ಇರಬೇಕು. ಕಲಿಯಲು ಬಂದವರ ತಲೆಗೆ ಮೊಟಕಿ ಮೊಟಕಿ ಹೇಳಿಕೊಟ್ಟ ಪಾಠ. ಮುನಿಸಿನಲ್ಲಿ ತಾನೇ ಮರೆತಿದ್ದ. ಅದೇ ಮುನಿಸಿನ ವಾರ, ಹಾಗೆಯೇ ಗಾಳಿಯಿಲ್ಲದ ಹೊತ್ತಿನಲ್ಲಿ, ಬೇಕರಿಯವನ ದೋಣಿಗೂ ಡ್ರಮ್ಮು ಕೂರಿಸಿದ್ದ.

ಅವನು ಎದ್ದ.

"ಕೂತ್ಕೊಳ್ಳಿ."

"ಒಂದು ನಿಮಿಷ ಕಣೇ. ಕೈಯಲ್ಲೇ ಸುತ್ತಿ ಬಂದ್ಬಿಡ್ತೀನಿ."

"ಡ್ರಮ್ಮು ಕೆಟ್ಟಿದ್ಯಾ?"

ಹೂಂ ಎಂದಿದ್ದರೆ ಮುಗಿದಿತ್ತು. ವರ್ಷದ ಜಗಳದಲ್ಲಿ ಅವನದೇ ಗೆಲುವು. ಸಾಯುವವರೆಗೆ ಮಡಿಚಿ ಕಟ್ಟುವ ಹಾಯಿಯೇ ಇರುತ್ತಿತ್ತು, ಯಾರೂ ಚಕಾರವೆತ್ತುತ್ತಿರಲಿಲ್ಲ. ಅಲೆಯೊಂದು ದೋಣಿಯನ್ನು ಪಕ್ಕಕ್ಕೆ ಮಲಗಿಸಿತು. ಗೋಡೆಯ ಬಂಡೆಗಳ ಮೇಲಿನ ಪಾಚಿ ಕಾಣುವಷ್ಟು ಹತ್ತಿರ ಬಂದಿದ್ದರು. ಎದೆಯ ಎಡಗಡೆ ಯಾರೋ ಬೆರಳಿಟ್ಟು ಒತ್ತಿದಂತಾಗುತ್ತಿತ್ತು.

"ಕೆಟ್ಟಿಲ್ಲ," ಎಂದ ಕೂರುತ್ತ. "ನಾನೇ ಕೆಡಿಸಿದೀನಿ. ಹಗ್ಗ ಮೂರು ಸುತ್ತು ಕಡಿಮೆ."

"ಬೇಕೂಂತ್ಲಾ?"

"ಬೇಕೂಂತ ಅಲ್ಲ. ಸಿಟ್ಟಲ್ಲಿ."

ಅವಳು ಬೈಯಲಿಲ್ಲ. ಬೈಯಲು ಪುರುಸೊತ್ತಿರಲಿಲ್ಲ. ಬಡಿಯುವ ಬಟ್ಟೆಯನ್ನೇ ನೋಡುತ್ತ ಕೇಳಿದಳು: "ಪಟ್ಟಿ ಸುತ್ತೋಕೆ ಕೈ ಎಟುಕದಿದ್ರೆ ನಾವು ರೋಗಿ ಕಾಲನ್ನೇ ತಿರುಗಿಸ್ತೀವಿ. ದೋಣೀನೇ ತಿರುಗಿಸಿದ್ರೆ?"

ದಬ್ಬಣ ಅವಳ ಮುಖ ನೋಡಿದ. "ಹಾಯಿ ಮೂಲೆ ಹಗ್ಗ ಪೂರ್ತಿ ಬಿಟ್ಬಿಡು," ಎಂದವನೇ ಚುಕ್ಕಾಣಿಯನ್ನು ಗೋಡೆಯಿಂದ ಆಚೆಗೆ ತಿರುಗಿಸಿದ. ತೆರೆದ ನೀರಿಗೆ ಬಂದ ಮೇಲೆ, ಉಳಿದ ಬಟ್ಟೆಯನ್ನು ಗಾಳಿಯೇ ಸುತ್ತಿಬಿಡಲಿ ಎಂದು ಗಾಣದೆತ್ತಿನಂತೆ ಸುತ್ತತೊಡಗಿದರು. ಮೊದಲ ಸುತ್ತಿನಲ್ಲಿ ಏನೂ ಆಗಲಿಲ್ಲ. ಎರಡನೆಯದರಲ್ಲಿ ಅಡ್ಡ ಬಂದ ಅಲೆ ಒಳಗೆ ಸುರಿದು ಮೀನಖಂಡದವರೆಗೆ ನೀರು ನಿಂತಿತು. ಅವಳು ಬಕೆಟ್ಟಿನಿಂದ ಮೊಗೆದು ಚೆಲ್ಲಿದಳು. ಬಟ್ಟೆಯ ಅಂಚು, ಹಾಯಿ ಸುತ್ತಿಕೊಳ್ಳುವ ಮೂತಿಯ ಕಂಬಿಗೆ ಒಂದು ಮಡಿಕೆ ಅಂಟಿಕೊಂಡಿತು. ಮತ್ತೊಂದು ಸುತ್ತು. ಗೋಡೆಯ ಮೇಲೆ ಗಾಳ ಹಾಕುತ್ತಿದ್ದವನೊಬ್ಬ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ: "ದಬ್ಬಣಣ್ಣಾ, ಮನೆ ದಾರಿ ಮರೆತುಹೋಯ್ತಾ?"

ಐದನೆಯ ಸುತ್ತಿಗೆ ಬಡಿತ ನಿಂತಿತು. ಆ ನಿಶ್ಶಬ್ದದಲ್ಲಿ ಮೋಟಾರಿನ ಸದ್ದು ಮೊದಲ ಬಾರಿಗೆ ಕೇಳಿಸಿತು. ಮೂತಿ ನೆಟ್ಟಗೆ ನಿಂತಿತು. ದೋಣಿ ಬಂದರಿನ ಬಾಯಿಯೊಳಗೆ ನುಗ್ಗಿತು.

ಕಟ್ಟೆಗೆ ಹಗ್ಗ ಬಿಗಿದ ಮೇಲೆ ಅವಳು ಅವನ ನಾಡಿ ಹಿಡಿದು ಎಣಿಸಿದಳು. "ಮನೆಗೆ ನಡೀರಿ. ಮಲಗಬೇಕು."

"ಬೇಕರಿಯವನು ನಾಳೆ ಬೆಳಿಗ್ಗೆ ಮಕ್ಕಳನ್ನ ಕೂರಿಸ್ಕೊಂಡು ಹೊರಡ್ತಾನೆ ಕಣೇ."

ಅವಳಿಗೆ ಅರ್ಥವಾಯಿತು. ಒದ್ದೆ ಬಟ್ಟೆಯಲ್ಲೇ ಇಬ್ಬರೂ ಬೇಕರಿಯ ಹಿಂಬಾಗಿಲು ತಟ್ಟಿದರು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಬೇಕರಿಯವನು ಬಾಗಿಲು ತೆಗೆದ.

"ದೋಣಿ ತೆಗೀಬೇಡ," ಎಂದ ದಬ್ಬಣ. "ನಿನ್ನ ಡ್ರಮ್ಮು ಕೂರಿಸೋದ್ರಲ್ಲಿ ತಪ್ಪು ಮಾಡಿದೀನಿ."

"ನೀನಾ? ತಪ್ಪಾ? ಮೊದಲು ಕೂತ್ಕೊಳ್ಳಯ್ಯ, ಮುಖ ನನ್ನ ಕೈಗಿಂತ ಬೆಳ್ಳಗಿದೆ."

"ಆಮೇಲೆ. ದೋಣಿ ಬೀಗದ ಕೈ ಕೊಡು."

ಬೇಕರಿಯವನು ಮೊಳೆಗೆ ನೇತುಹಾಕಿದ್ದ ಬೀಗದ ಕೈ ತಂದು ಚಾಚಿದ. ದಬ್ಬಣನ ಕೈಗಿಂತ ಮೊದಲು ಹೆಂಡತಿಯ ಕೈ ಅದನ್ನು ಹಿಡಿಯಿತು.

"ಇವರು ಕಟ್ಟೆ ಮೇಲೆ ಕೂತು ಬಾಯಲ್ಲಿ ಹೇಳ್ತಾರೆ," ಎಂದಳು. "ಮೂತಿಗೆ ಹೋಗಿ ಹಗ್ಗ ಸುತ್ತೋದು ನಾನು."